ಎಂಟನ್ನು ಮಾತ್ರ ಮುಟ್ಟಬೇಡಿ

ಒಂದೇ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕುಳಿತವನಿಗೆ ಆ ಕುರ್ಚಿಯ ಮುಂದಿನ ಕೆಲಸದ ಬಗ್ಗೆ ಗೊತ್ತಿಲ್ಲದ್ದು ಯಾವುದೂ ಇರುವುದಿಲ್ಲ ಎಂದು ಜನ ನಂಬುತ್ತಾರೆ. ಜನ ನಂಬಿದರೆ ಚಿಂತೆಯಿಲ್ಲ, ಅವರು ಇಂಥದ್ದು ಎಷ್ಟೋ ನಂಬುತ್ತಾರೆ. ತೊಂದರೆ ಶುರುವಾಗುವುದು ಕುಳಿತವನೇ ಅದನ್ನು ನಂಬಲು ತೊಡಗಿದಾಗ. ನಾನು ನಂಬಿದ್ದೆ. ನಂಬಿ ಸುಮ್ಮನಿದ್ದರೂ ಆಗುತ್ತಿತ್ತು, ನಂಬಿದ್ದನ್ನು ಇನ್ನೊಬ್ಬರಿಗೆ ಕಲಿಸಿಯೂ ಬಿಟ್ಟೆ. ಕಲಿತವಳ ಕೆಲಸಕ್ಕೇ ಅದರಿಂದ ಸಂಚಕಾರ ಬರುವ ಹಾಗಾದಾಗ ಒಂದು ವಾರ ನನಗೆ ಊಟ ಸೇರಲಿಲ್ಲ. ಸೇರಲಿಲ್ಲ ಎಂದರೆ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ ಎಂದು ತಿಳಿಯಬೇಕು. ಮೊದಲನೆಯ ಸಲದ್ದನ್ನು ಬಿಟ್ಟವನು ನಾನಲ್ಲ.

ನಮ್ಮ ಕಚೇರಿ ಮಣಿಪಾಲದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿದೆ. ಸಮುದ್ರದಾಚೆಯ ಒಂದು ಹಡಗು ಕಂಪೆನಿಯ ಬಿಡಿಭಾಗಗಳ ಪಟ್ಟಿಯನ್ನು ನಾವು ಏಳು ಮಂದಿ ಇಲ್ಲಿ ಕುಳಿತು ನೋಡಿಕೊಳ್ಳುತ್ತೇವೆ. ಯಾವ ಹಡಗಿನ ಯಾವ ಪಂಪಿಗೆ ಯಾವ ವಾಷರು, ಅದು ಯಾವ ಬಂದರಿನ ಯಾವ ಕಪಾಟಿನಲ್ಲಿದೆ, ಅದು ಸಿಗದಿದ್ದರೆ ಬದಲಿಗೆ ಯಾವುದನ್ನು ಹಾಕಬಹುದು, ಇಷ್ಟೇ ನಮ್ಮ ಲೋಕ. ಹಾಗೆಂದು ನಾನು ಹಡಗು ಹತ್ತಿದವನಲ್ಲ. ಮಲ್ಪೆಯಿಂದ ದ್ವೀಪಕ್ಕೆ ಹೋಗುವ ಬೋಟಿನಲ್ಲಿ ಒಮ್ಮೆ ಹೋಗಿ, ಹೋಗುವಾಗ ಪಟ್ಟ ಪಾಡಿಗೆ ಹೆದರಿ, ಬರುವಾಗ ಕಣ್ಣು ಮುಚ್ಚಿ ಹೆಂಡತಿಯ ಕೈ ಹಿಡಿದುಕೊಂಡೇ ಬಂದವನು. ಪರ್ಕಳದ ನಮ್ಮ ಮನೆಯ ನಳ್ಳಿಯ ವಾಷರು ಹೋದರೆ ಪ್ಲಂಬರನೇ ಬರಬೇಕು. ಆದರೆ ನಡುಸಮುದ್ರದಲ್ಲಿರುವ ಹಡಗಿನ ವಾಷರಿನ ನಂಬರು ಕೇಳಿ, ಕಾಫಿ ಕುಡಿಯುತ್ತಲೇ ಹೇಳುತ್ತೇನೆ.

ಈ ಪಟ್ಟಿ ಇರುವುದು ಮೇನ್‌ಫ್ರೇಮ್ ಎಂಬ ಮಹಾಯಂತ್ರದಲ್ಲಿ. ಯಂತ್ರ ಅಲ್ಲೆಲ್ಲೋ ಪರದೇಶದಲ್ಲಿದೆ. ಅದು ಎಷ್ಟು ದೊಡ್ಡದು, ಯಾವ ಬಣ್ಣ, ಅದಕ್ಕೆ ಸದ್ದು ಉಂಟೋ ಇಲ್ಲವೋ, ನಮ್ಮಲ್ಲಿ ಯಾರೂ ಕಂಡವರಿಲ್ಲ. ನಮ್ಮ ಪಾಲಿಗೆ ಬಂದದ್ದು ಒಂದು ಕಪ್ಪು ಪರದೆ, ಅದರ ಮೇಲೆ ಹಸಿರು ಅಕ್ಷರಗಳು. ಚಿತ್ರವಿಲ್ಲ, ಕಿಟಕಿಯಿಲ್ಲ, ಮೌಸಿಗೆ ಅಲ್ಲಿ ಕೆಲಸವೇ ಇಲ್ಲ. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ನನ್ನ ಹೆಂಡತಿಯ ತಮ್ಮ ಒಮ್ಮೆ ಕಚೇರಿಗೆ ಬಂದು ನನ್ನ ಪರದೆಯನ್ನು ದಿಟ್ಟಿಸಿ ನೋಡಿ, "ಎಂತ ಭಾವ, ಇದು ಹಾಳಾಗಿದೆಯಾ?" ಎಂದು ಕೇಳಿದ. ಹಾಳಾಗಿಲ್ಲ, ಇದು ಹೀಗೆಯೇ ಎಂದೆ. "ಛೆ, ಪಾಪ" ಎಂದ. ಆ ಪಾಪ ಪರದೆಗೋ ನನಗೋ ಎಂದು ನಾನು ಕೇಳಲು ಹೋಗಲಿಲ್ಲ.

ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಎಫ್ ಒಂದರಿಂದ ಎಫ್ ಹನ್ನೆರಡರವರೆಗೆ ಹನ್ನೆರಡು ಕೀಗಳಿರುವುದನ್ನು ನೀವು ನೋಡಿರುತ್ತೀರಿ. ನೋಡಿರುತ್ತೀರಿ, ಒತ್ತಿರುವುದಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅವು ಪಾಪ, ಸದ್ದು ಹೆಚ್ಚಿಸುವ, ಬೆಳಕು ತಗ್ಗಿಸುವ ಚಾಕರಿಗೆ ಇಳಿದುಬಿಟ್ಟಿವೆ. ಮೇನ್‌ಫ್ರೇಮಿನಲ್ಲಿ ಅವುಗಳ ದರ್ಬಾರೇ ಬೇರೆ. ಅಲ್ಲಿ ಒಂದೊಂದು ಕೀಯೂ ಒಂದೊಂದು ಆಜ್ಞೆ. ಅಕ್ಷರ ಅಕ್ಷರವಾಗಿ ಆಜ್ಞೆಯನ್ನು ಬರೆಯುವ ಬದಲು ಒಂದು ಕೀ ಒತ್ತಿದರೆ ಸಾಕು, ಸಮುದ್ರದಾಚೆಯ ಯಂತ್ರ ಎದ್ದು ಕೆಲಸ ಮಾಡುತ್ತದೆ. ಒಂದು ಒತ್ತಿದರೆ ಸಹಾಯ. ಮೂರು ಒತ್ತಿದರೆ ಹೊರಗೆ. ಐದು ಒತ್ತಿದರೆ ಆಗ ಹುಡುಕಿದ್ದನ್ನೇ ಪುನಃ ಹುಡುಕು. ಏಳು ಒತ್ತಿದರೆ ಮೇಲಿನ ಪುಟ. ಹನ್ನೆರಡು ಒತ್ತಿದರೆ 'ತಪ್ಪಾಯಿತು, ಬಿಟ್ಟುಬಿಡು'. ನಾವು ಎಫ್ ಎನ್ನುವುದನ್ನೂ ಬಿಟ್ಟು ಬರೀ ಮೂರು, ಏಳು, ಹನ್ನೆರಡು ಎನ್ನುತ್ತೇವೆ.

ಇಷ್ಟು ವರ್ಷ ಒತ್ತಿ ಒತ್ತಿ ಇದು ಮೈಗೆ ಹತ್ತಿಬಿಟ್ಟಿದೆ. ಮದುವೆ ಮನೆಗಳಲ್ಲಿ ಯಾರಾದರೂ ತಮ್ಮ ಸಕ್ಕರೆ ಕಾಯಿಲೆಯ ಚರಿತ್ರೆಯನ್ನು ಮೊದಲಿನಿಂದ ಶುರು ಮಾಡಿದರೆ ನನ್ನ ಎಡಗೈಯ ಬೆರಳು ತೊಡೆಯ ಮೇಲೆ ತನ್ನಷ್ಟಕ್ಕೆ ಮೂರನ್ನು ಹುಡುಕುತ್ತದೆ. ನನ್ನ ಹೆಂಡತಿ ಸುಜಯಾ ಇದನ್ನೆಲ್ಲ ಗಮನಿಸಿದ್ದಾಳೆ. "ಮನೆಯಲ್ಲಿ ಮಾತಿಗೆ ಮಾತು ಬೆಳೆಯುವಾಗ ನೀವು ಮೇಜಿನ ಮೇಲೆ ಹನ್ನೆರಡು ಒತ್ತುವುದು ನನಗೆ ಕಾಣ್ತದೆ. ಅದನ್ನು ಒಂದು ಸಲ ಬಾಯಿಂದ ಹೇಳಿದ್ರೆ ಎಂತ ಆಗ್ತದೆ ನಿಮಗೆ?" ಎನ್ನುತ್ತಾಳೆ. ನಾನು ಒಂದನ್ನು ಒತ್ತುತ್ತೇನೆ. ಸಹಾಯ ಎಲ್ಲಿಂದಲೂ ಬರುವುದಿಲ್ಲ.

ನನಗೆ ಈ ವಿದ್ಯೆ ಕಲಿಸಿದವರು ಮೋನಪ್ಪ ಸರ್. ನನಗಿಂತ ಮೊದಲು ಆ ಕುರ್ಚಿಯಲ್ಲಿದ್ದವರು. ನಿವೃತ್ತರಾಗಿ ಈಗ ಕಾರ್ಕಳದ ತಮ್ಮ ಮನೆಯಲ್ಲಿದ್ದಾರೆ. ಅವರ ಪಾಠದ ಕ್ರಮ ಎಂದರೆ ಮೊದಲ ಮೂರು ದಿನ ಕೀಬೋರ್ಡನ್ನು ಮುಟ್ಟಲಿಕ್ಕೇ ಇಲ್ಲ. ಖಾಲಿ ಮೇಜಿನ ಮೇಲೆ ಬೆರಳಿಟ್ಟು ಅವರು ಮಗ್ಗಿಯಂತೆ ಹೇಳಿದ್ದನ್ನು ನಾವೂ ಹೇಳಬೇಕು: "ಏಳು ಮೇಲೆ, ಹತ್ತು ಕೆಳಗೆ, ಮೂರು ಹೊರಗೆ, ಎಂಟನ್ನು ಮಾತ್ರ ಮುಟ್ಟಬೇಡಿ." ಏಳು ಒತ್ತಿದರೆ ಮೇಲಿನ ಪುಟ, ಹತ್ತು ಒತ್ತಿದರೆ ಮುಂದಿನ ಪುಟ, ಸರಿ. ಎಂಟನ್ನು ಯಾಕೆ ಮುಟ್ಟಬಾರದು? ಯಾರೂ ಕೇಳಲಿಲ್ಲ. ಮೋನಪ್ಪ ಸರ್ ಕನ್ನಡಕದ ಮೇಲಿಂದ ನೋಡುವ ಒಂದು ನೋಟವಿತ್ತು, ಅದನ್ನು ಕಂಡವರು ಮತ್ತೆ ಬಾಯಿ ತೆರೆಯುತ್ತಿದ್ದದ್ದು ಊಟಕ್ಕೆ ಮಾತ್ರ.

ಅವರು ಕಾರಣ ಹೇಳದ್ದರಿಂದ ಕಾರಣಗಳನ್ನು ನಾವೇ ಮಾಡಿಕೊಂಡೆವು. ಎಂಟು ಒತ್ತಿದರೆ ಇಡೀ ಪಟ್ಟಿ ಅಳಿಸಿಹೋಗುತ್ತದೆ ಎಂದು ಒಬ್ಬರು. ಅಳಿಸುವುದಿಲ್ಲ, ಅಲ್ಲಿಯ ಪ್ರಿಂಟರಿನಲ್ಲಿ ಪೂರ್ತಿ ಅಚ್ಚಾಗಿ ಕೋಣೆ ತುಂಬ ಕಾಗದವಾಗುತ್ತದೆ ಎಂದು ಇನ್ನೊಬ್ಬರು. ಹಿಂದೆ ಯಾರೋ ಒತ್ತಿದ್ದರಂತೆ, ಒಂದು ಹಡಗು ಎರಡು ದಿನ ಬಂದರಿನ ಹೊರಗೇ ನಿಂತಿತಂತೆ ಎಂಬಲ್ಲಿಗೆ ಕತೆ ಬೆಳೆದಿತ್ತು. ಹೊಸ ಕೀಬೋರ್ಡು ಬಂದ ಕೂಡಲೇ ಎಂಟರ ಮೇಲೆ ಕೆಂಪು ಟೇಪು ಅಂಟಿಸುವುದು ನಮ್ಮಲ್ಲಿ ಶಾಸ್ತ್ರ. ಆಯುಧಪೂಜೆಯ ದಿನ ಕೀಬೋರ್ಡಿಗೆ ಕುಂಕುಮ ಹಚ್ಚುವಾಗಲೂ ಎಂಟನ್ನು ತಪ್ಪಿಸಿಯೇ ಹಚ್ಚುತ್ತಿದ್ದೆವು. ಮೋನಪ್ಪ ಸರ್ ಹೋದ ಮೇಲೆ ಆ ಟೇಪು ಅಂಟಿಸುವ ಹಕ್ಕು ನನ್ನೊಬ್ಬನದಾಯಿತು. ಕನ್ನಡಕದ ಮೇಲಿಂದ ನೋಡುವುದನ್ನೂ ನಾನು ಅಭ್ಯಾಸ ಮಾಡಿಕೊಂಡೆ.

ಶಾಲಿನಿ ನನ್ನ ಪಕ್ಕದ ಕುರ್ಚಿಗೆ ಬಂದು ಮೂರು ವರ್ಷ. ಎರ್ಮಾಳಿನವಳು. ಬಿಕಾಂ ಮಾಡಿ, ಮದುವೆಯಾಗಿ, ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಕೆಲಸ ಹುಡುಕಿಕೊಂಡು ಬಂದವಳು. ಗಂಡ ಮಲ್ಪೆಯ ಬೋಟಿನಲ್ಲಿ. ಹೋದರೆ ಹತ್ತು ದಿನ ನೀರಿನ ಮೇಲೆಯೇ. ಅವಳಿಗೆ ಮೂರು ದಿನದ ಪಾಠವೇ ಬೇಕಾಗಲಿಲ್ಲ, ಒಂದೇ ದಿನದಲ್ಲಿ ಮಗ್ಗಿ ಹೇಳಿದಳು. ಅವಳ ಬೆರಳು ಓಡುವುದನ್ನು ನೋಡಬೇಕು ನೀವು. ನನ್ನ ಶಿಷ್ಯೆ ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅವಳದ್ದು ಗುತ್ತಿಗೆಯ ಕೆಲಸ. ಈ ವರ್ಷ ಗುತ್ತಿಗೆ ಮುಗಿಯುತ್ತದೆ, ಇನ್ನು ಮುಂದುವರಿಸುವಂತಿಲ್ಲ. ಒಂದೋ ಪರೀಕ್ಷೆ ಕೊಟ್ಟು ಕಾಯಂ ಆಗಬೇಕು, ಇಲ್ಲ ಮನೆಗೆ ಹೋಗಬೇಕು. ಪರೀಕ್ಷೆ ಎಂದರೆ ಒಂದು ಗಂಟೆಯಲ್ಲಿ ನಲವತ್ತು ಪುಟ ತಿದ್ದುವುದು, ಹಡಗು ಕಂಪೆನಿಯ ಒಬ್ಬ ಮೇಡಂ ದೂರದಿಂದಲೇ ಪರದೆ ನೋಡುತ್ತಿರುತ್ತಾರೆ.

"ನಮ್ಮವರ ಮೊಣಕಾಲು ಹೋಗಿದೆ ಸರ್. ಬೋಟು ಅಲ್ಲಾಡುವಾಗ ನಿಂತು ಹಗ್ಗ ಎಳೀಲಿಕ್ಕೆ ಆಗುವುದಿಲ್ಲ, ಆದ್ರೂ ಹೋಗ್ತಾರೆ" ಎಂದು ಶಾಲಿನಿ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದಳು. "ನಂದು ಪರ್ಮನೆಂಟ್ ಆದ್ರೆ ಅವರನ್ನು ಬೋಟಿನಿಂದ ಇಳಿಸ್ತೇನೆ. ದಡದಲ್ಲಿ ಕೂತು ಬಲೆ ಹೆಣೆಯಲಿ." ಮಗಳನ್ನು ಶಾಲೆಯ ವ್ಯಾನಿನಿಂದ ಇಳಿಸಿಕೊಳ್ಳುವ ಹಾಗೆ ಅಷ್ಟು ಸಲೀಸಾಗಿ ಹೇಳಿದಳು. ನೀನು ಹೆದರಬೇಡ, ನನ್ನ ಹತ್ತಿರ ಕಲಿತವಳು ನೀನು ಎಂದೆ. ಹಾಗೆ ಹೇಳಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಪರೀಕ್ಷೆಗೆ ಹತ್ತು ದಿನ ಇರುವಾಗ ಅವಳು ಸುಮ್ಮನೆ ಕೇಳಿದಳು: "ಸರ್, ಎಂಟು ಒತ್ತಿದ್ರೆ ನಿಜವಾಗಿ ಎಂತ ಆಗ್ತದೆ?"

ನಾನು ಕನ್ನಡಕದ ಮೇಲಿಂದ ನೋಡಿದೆ.

"ಹಾಗೆ ನೋಡಬೇಡಿ ಸರ್. ಪರೀಕ್ಷೆಯಲ್ಲಿ ಕೇಳಿದ್ರೆ ಹೇಳಬೇಕಲ್ವಾ?"

ಎಂತ ಸಾವು ಮಾರಾಯ್ರೆ, ಇಪ್ಪತ್ತೆರಡು ವರ್ಷ ದಿನಕ್ಕೆ ಎಂಟು ಗಂಟೆ ಅದರ ಅರ್ಧ ಇಂಚು ದೂರದಲ್ಲಿ ಬೆರಳಾಡಿಸಿದ್ದೇನೆ, ಅದು ಏನು ಮಾಡುತ್ತದೆ ಎಂಬುದೇ ನನಗೆ ಗೊತ್ತಿಲ್ಲ! ಆ ಪ್ರಶ್ನೆ ತಲೆಯೊಳಗೆ ಹೊಕ್ಕಿತು ನೋಡಿ, ಮತ್ತೆ ಹೊರಗೆ ಹೋಗಲೇ ಇಲ್ಲ. ಮನೆಯಲ್ಲಿ ಕುಚ್ಚಲಕ್ಕಿ ಗಂಜಿಯ ಮುಂದೆ ಕುಳಿತರೂ ಎಂಟು, ಬಸ್ಸಿನಲ್ಲಿ ನಿಂತರೂ ಎಂಟು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಉಳಿದವರು ಊಟಕ್ಕೆ ಹೋದಾಗ ನಾನೂ ಶಾಲಿನಿಯೂ ಹಿಂದೆ ಉಳಿದೆವು. ನಾನು ಟೇಪು ಕಿತ್ತೆ. ಕೆಳಗಿನ ಕೀ ಹೊಸದರಂತೆ ಮಿನುಗುತ್ತಿತ್ತು, ಅದರ ಆಚೀಚಿನವೆಲ್ಲ ಸವೆದು ಅಂಕಿಯೇ ಕಾಣದಂತಾಗಿದ್ದವು. ಶಾಲಿನಿ ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಸರಿಸಿ ಕುಳಿತಳು. ನಾನು ಕಣ್ಣು ಮುಚ್ಚಿ ಎಂಟನ್ನು ಒತ್ತಿದೆ.

ಏನೂ ಆಗಲಿಲ್ಲ.

ಇನ್ನೊಮ್ಮೆ ಒತ್ತಿದೆ. ಏನೂ ಇಲ್ಲ. ಶಾಲಿನಿ ಬಂದು ಒತ್ತಿದಳು. ಪರದೆ ಹಾಗೆಯೇ ಇತ್ತು. ಪಟ್ಟಿ ಅಳಿಯಲಿಲ್ಲ, ಯಾವ ಹಡಗೂ ನಿಂತ ಸುದ್ದಿ ಬರಲಿಲ್ಲ. ಏನಾದರೂ ಆಗಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತೋ ಏನೋ. ಏನೂ ಮಾಡದ ಒಂದು ಕೀಯನ್ನು ಏಳು ಜನ ವಿದ್ಯಾವಂತರು ಇಷ್ಟು ವರ್ಷ ಹೆದರಿ ಕಾಪಾಡಿಕೊಂಡು ಬಂದದ್ದು ಯಾಕೆ?

ಇದರ ಉತ್ತರಕ್ಕಿಂತ ಮೊದಲು ಅದಕ್ಕಿಂತ ದೊಡ್ಡ ಪೆಟ್ಟು ಬಂತು. ಶುಕ್ರವಾರ ಕಂಪೆನಿಯ ಆ ಮೇಡಂ ಪರೀಕ್ಷೆಯ ನಿಯಮಗಳನ್ನು ಕಳುಹಿಸಿದರು. ಶಾಲಿನಿ ಯಂತ್ರದೊಳಗೆ ಹೋಗುವ ತನ್ನ ದಿನನಿತ್ಯದ ಐಡಿಯಲ್ಲಿ ಪರೀಕ್ಷೆ ಬರೆಯುವಂತಿಲ್ಲ. ಹೊಸ ಐಡಿ ಕೊಡುತ್ತಾರೆ, ಅದು ಪರೀಕ್ಷೆಯ ಹೊತ್ತಿಗೇ ತೆರೆಯುವುದು, ಅದರಲ್ಲಿ ಕೀಗಳ ಕೆಲಸವನ್ನು ಬದಲಾಯಿಸುವಂತಿಲ್ಲ. ಕೆಳಗೆ ಕೀಗಳ ಪಟ್ಟಿ ಇತ್ತು. ಮೂರು, ಹೊರಗೆ. ಏಳು, ಮೇಲಿನ ಪುಟ. ಎಂಟು, ಮುಂದಿನ ಪುಟ. ಹತ್ತು, ಈ ಪುಟದಲ್ಲಿ ಬರೆದದ್ದನ್ನು ಬಿಟ್ಟು ಹಿಂದಿನ ಪುಟಕ್ಕೆ.

ನಾನು ಅದನ್ನು ನಾಲ್ಕು ಸಲ ಓದಿದೆ. ಅಂದರೆ ಲೋಕದಲ್ಲೆಲ್ಲ ಮುಂದಿನ ಪುಟಕ್ಕೆ ಎಂಟು. ಹತ್ತು ಎನ್ನುವುದು ನಮ್ಮ ಮೂರನೆಯ ಮಹಡಿಯಲ್ಲಿ ಮಾತ್ರ. ಒಂದು ಪುಟ ತಿದ್ದಿ ಮುಗಿಸಿ, ನಾನು ಕಲಿಸಿದಂತೆ ಶಾಲಿನಿ ಹತ್ತು ಒತ್ತಿದಳೋ, ತಿದ್ದಿದ್ದೆಲ್ಲ ನೀರುಪಾಲು. ನಲವತ್ತು ಪುಟಕ್ಕೆ ನಲವತ್ತು ಸಲ ಒತ್ತಬೇಕು. ಅವಳ ಬೆರಳು ಎಷ್ಟು ವೇಗವೋ ಅಷ್ಟೇ ವೇಗವಾಗಿ ಕೆಲಸ ಕಳೆದುಕೊಳ್ಳುತ್ತಾಳೆ. ಅದಕ್ಕೆ ಕಾರಣ ಯಾರು? ಬಂದವರಿಗೆಲ್ಲ ನನ್ನ ಶಿಷ್ಯೆ ಎಂದು ಹೇಳಿಕೊಂಡ ಈ ಮಹಾನುಭಾವ.

ಶನಿವಾರ ಅವಳಿಗೆ ಹೇಳಿದೆ. ಸುತ್ತಿ ಬಳಸಿ ಹೇಳಲು ಹೊರಟಿದ್ದೆ, ಅವಳು ಕಾಗದವನ್ನೇ ಕಿತ್ತುಕೊಂಡು ಓದಿದಳು. "ಮೂರು ವರ್ಷ ಸರ್!" ಎಂದಳು. "ಮೂರು ವರ್ಷ ಹತ್ತು ಹತ್ತು ಅಂತ ಹೊಡೆದು ಹೊಡೆದು, ಈಗ ಐದು ದಿನದಲ್ಲಿ ಈ ಬೆರಳಿಗೆ ನಾನು ಎಂತ ಹೇಳಲಿ? ಇದು ನನ್ನ ಮಾತು ಕೇಳ್ತದಾ? ನೀವು ಒಂದು ದಿನ, ಒಂದೇ ಒಂದು ದಿನ ಆ ಪುಸ್ತಕ ತೆರೆದು ನೋಡಿದ್ರೆ ಆಗ್ತಿತ್ತಲ್ಲ?" ಪುಸ್ತಕ ಎಂದರೆ ಕಪಾಟಿನಲ್ಲಿರುವ ಕೈಪಿಡಿ. ಫ್ಯಾನಿನ ಗಾಳಿಗೆ ಕಾಗದಗಳು ಹಾರದ ಹಾಗೆ ನಾವು ಅದನ್ನೇ ಭಾರಕ್ಕೆ ಇಡುತ್ತೇವೆ. ಆಮೇಲೆ ಅವಳು ಕಾಗದವನ್ನು ಮಡಚಿ ನನ್ನ ಮೇಜಿನ ಮೇಲಿಟ್ಟಳು. "ಈ ಸಲ ಬೋಟಿಗೆ ಹೋಗುವಾಗ ಅವರು ಹೇಳಿ ಹೋಗಿದ್ದಾರೆ, ಇದೇ ಕೊನೆಯದ್ದು ಅಂತ" ಎಂದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದು ತಡೆಯಲಿಲ್ಲ. ಆ ದಿನ ಸಂಜೆ ಸುಜಯಾಳ ಮುಂದೆ ಎಲ್ಲವನ್ನೂ ಹೇಳಿದೆ. "ಎದ್ದು ಕಾರ್ಕಳಕ್ಕೆ ಹೋಗಿ. ಗಂಟು ಹಾಕಿದವರನ್ನೇ ಕೇಳಿ" ಎಂದಳು. ಅಷ್ಟು ನೇರವಾದ ದಾರಿ ನನ್ನ ತಲೆಗೆ ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಪರ್ಕಳದಲ್ಲಿ ಕಾರ್ಕಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮೋನಪ್ಪ ಸರ್ ಏನು ಹೇಳಬಹುದು ಎಂದು ಊಹಿಸುತ್ತಿದ್ದೆ. ಏನಾದರೂ ಘನವಾದ ಕಾರಣವೇ ಇರಬೇಕು. ಯಾವುದೋ ಹಡಗಿನ ಸುರಕ್ಷತೆ, ಯಾವುದೋ ಗುಪ್ತ ಸೂಚನೆ. ಅವರು ಅಂಗಳದಲ್ಲಿ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗಿಸಲು ಹರಡುತ್ತಿದ್ದರು. ತಲೆಗೆ ಮುಂಡಾಸು, ಕನ್ನಡಕ ಹಣೆಯ ಮೇಲೆ. ನನ್ನನ್ನು ಕಂಡು ಖುಷಿಯಾಯಿತು ಅವರಿಗೆ. ಕುಡಿಯಲು ಬೆಲ್ಲ ನೀರು ಬಂತು. ನಾನು ನೇರವಾಗಿ ಕೇಳಿದೆ: "ಸರ್, ಎಂಟನ್ನು ಯಾಕೆ ಮುಟ್ಟಬಾರದು?"

"ಯಾವ ಎಂಟು?"

"ನಮ್ಮ ಎಂಟು ಸರ್. ಕೀಬೋರ್ಡಿನದ್ದು. ಹತ್ತು ಕೆಳಗೆ, ಎಂಟನ್ನು ಮಾತ್ರ ಮುಟ್ಟಬೇಡಿ."

ಅವರು ಒಂದು ಹಪ್ಪಳವನ್ನು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದರು. ಯೋಚಿಸಿ ಯೋಚಿಸಿ, ತಟ್ಟನೆ ಆ ಹಪ್ಪಳವನ್ನೇ ನೋಡಿದರು. "ಓ... ಅದು ಇದು ಮಾರಾಯ!" ಎಂದು ಗಹಗಹಿಸಿ ನಗಲು ತೊಡಗಿದರು. ನಾನು ಕಂಗಾಲಾಗಿ ಕುಳಿತಿದ್ದೆ. ನಗು ನಿಂತ ಮೇಲೆ ಸಂಗತಿ ಹೊರಗೆ ಬಂತು. ಕಚೇರಿ ಹೊಸದಾಗಿ ತೆರೆದಾಗ ಇದ್ದದ್ದು ಒಂದೇ ಕೀಬೋರ್ಡು. ಒಂದು ಮಳೆಗಾಲದ ಮಧ್ಯಾಹ್ನ ಮೋನಪ್ಪ ಸರ್ ಅದರ ಮುಂದೆ ಕುಳಿತು ಕಾಯಿಸಿದ ಹಲಸಿನ ಹಪ್ಪಳ ತಿನ್ನುತ್ತಿದ್ದರು. ಒಂದು ಚೂರು ಹಾರಿ ಎಂಟರ ಸಂದಿಗೆ ಹೊಕ್ಕಿತು. ಅಂದಿನಿಂದ ಎಂಟನ್ನು ಒತ್ತಿದರೆ ಅದು ಕೆಳಗೇ ಉಳಿಯುತ್ತಿತ್ತು. ಪುಟಗಳು ಒಂದರ ಹಿಂದೆ ಒಂದು ಓಡಿ ಓಡಿ ಪಟ್ಟಿಯ ಕೊನೆಗೆ ಹೋಗಿ ನಿಲ್ಲುತ್ತಿದ್ದವು. ಹೊಸ ಕೀಬೋರ್ಡಿಗೆ ಅರ್ಜಿ ಬರೆದರೆ ಬರಲು ಆರು ತಿಂಗಳು. ಅಷ್ಟರವರೆಗೆ ಅವರು ಎಂಟರ ಕೆಲಸವನ್ನು ಹತ್ತಕ್ಕೆ ವರ್ಗಾಯಿಸಿ, ಎಂಟನ್ನು ಖಾಲಿ ಬಿಟ್ಟರು. ಬೇರೆಯವರು ಬಂದಾಗ ಎಂಟನ್ನು ಮುಟ್ಟಬೇಡಿ ಎಂದರು.

"ಹೊಸ ಕೀಬೋರ್ಡು ಬಂದ ಮೇಲೆ?" ಎಂದೆ.

"ಬಂತು. ಅಷ್ಟು ಹೊತ್ತಿಗೆ ಬೆರಳಿಗೆ ಹತ್ತು ಕೂತಿತ್ತು. ಹೊಸಬರು ಬಂದಾಗೆಲ್ಲ ನನ್ನ ಐಡಿಯದ್ದೇ ನಕಲು ಮಾಡಿ ಕೊಟ್ಟೆ, ಅದ್ರಲ್ಲಿ ಅದೂ ಬಂತು. ಆಮೇಲೆ ನಕಲಿನ ನಕಲು ನೀವೆಲ್ಲ ಮಾಡಿದ್ದು."

"ಆದರೆ ನಮಗೆ ಆಗಲಾದರೂ ಹೇಳಬಹುದಿತ್ತಲ್ಲ ಸರ್?"

"ನೀವು ಕೇಳಲೇ ಇಲ್ಲವಲ್ಲ ಮಾರಾಯ! ಯಾರಾದ್ರೂ ಕೇಳಿದ್ರೆ ನನಗೂ ನೆನಪಾಗ್ತಿತ್ತು. ನೀವು ಕೆಂಪು ಟೇಪು ಬೇರೆ ಹಾಕ್ತಿದ್ರಿ, ನಾನು ಎಣಿಸಿದ್ದು ಇದಕ್ಕೆ ಈಗ ಬೇರೆ ಎಂತದ್ದೋ ಕಾರಣ ಉಂಟು ಅಂತ!"

ಅವರು ನಕ್ಕರೂ ಶಾಲಿನಿಯ ಸಂಗತಿ ಕೇಳಿದ ಮೇಲೆ ಗಂಭೀರರಾದರು. ಕೀಗಳ ಕೆಲಸವನ್ನು ಬದಲಾಯಿಸಲು ಒಂದು ಸಣ್ಣ ಆಜ್ಞೆ ಇದೆ, ಕೀಸ್ ಎಂದು ಬರೆದರೆ ಹನ್ನೆರಡರ ಪಟ್ಟಿ ತೆರೆಯುತ್ತದೆ, ಅಲ್ಲಿ ಯಾವುದಕ್ಕೆ ಯಾವ ಕೆಲಸ ಬೇಕೋ ಬರೆದುಕೊಳ್ಳಬಹುದು ಎಂದು ಹೇಳಿಕೊಟ್ಟರು. "ಪರೀಕ್ಷೆಯ ಐಡಿ ಬಿಡು. ಅವಳ ಸ್ವಂತ ಐಡಿಯಲ್ಲಿ ಎಂಟನ್ನು ಸರಿ ಮಾಡಿಕೊಡು. ಮೂರು ದಿನ ಅದರಲ್ಲೇ ಹೊಡೆಯಲಿ" ಎಂದರು. ನಾನು ಎದ್ದಾಗ ಒಂದು ಕಟ್ಟು ಹಪ್ಪಳ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು ನೋಡಿದೆ. ಇದರ ಒಂದು ಚೂರು ಏಳು ಜನರ ಬೆರಳನ್ನು ಇಷ್ಟು ವರ್ಷ ಆಳಿತಲ್ಲ ಎಂದು ನಗು ಬಂತು, ಗುರುವಾರದ ನೆನಪಾಗಿ ನಗು ನಿಂತಿತು. ಪರೀಕ್ಷೆ ಗುರುವಾರ.

ಸೋಮವಾರ ಶಾಲಿನಿಯ ಐಡಿಯಲ್ಲಿ ಕೀಸ್ ಎಂದು ಬರೆದೆವು. ಮೋನಪ್ಪ ಸರ್ ಹೇಳಿದಂತೆ ಪಟ್ಟಿ ತೆರೆಯಿತು, ಎಂಟರ ಎದುರು ಏನೂ ಇರಲಿಲ್ಲ. ಅಲ್ಲಿ ಮುಂದಿನ ಪುಟ ಎಂದು ಬರೆಸಿದೆ, ಹತ್ತನ್ನು ಖಾಲಿ ಬಿಡಿಸಿದೆ. ಉಳಿದ ಐವರೂ ಎದ್ದು ಬಂದು ಬೆನ್ನ ಹಿಂದೆ ನಿಂತಿದ್ದರು. ಶಾಲಿನಿ ಎಂಟನ್ನು ಒತ್ತಿದಳು. ಪುಟ ಮುಂದಕ್ಕೆ ಹೋಯಿತು. ಒಬ್ಬರಂತೂ ಅಭ್ಯಾಸಬಲದಿಂದ ಕೈ ಮುಗಿದರು. ಹಪ್ಪಳದ ಕತೆ ಹೇಳಿದ ಮೇಲೆ ಮುಗಿದ ಕೈಯನ್ನು ತಲೆ ಕೆರೆದುಕೊಳ್ಳಲು ಉಪಯೋಗಿಸಿದರು.

ಆದರೆ ಯಂತ್ರಕ್ಕೆ ಹೇಳಿದಷ್ಟು ಸುಲಭವಲ್ಲ ಬೆರಳಿಗೆ ಹೇಳುವುದು. ಮೊದಲ ದಿನ ಅವಳು ನೂರು ಸಲದಲ್ಲಿ ತೊಂಬತ್ತು ಸಲ ಹತ್ತನ್ನೇ ಒತ್ತಿದಳು. ಒತ್ತಿ, ಏನೂ ಆಗದೆ, "ಛೆ!" ಎನ್ನುವಳು. ಕಚೇರಿಯ ತುಂಬ ಛೆ, ಛೆ ಎಂಬುದೇ ಕೇಳುತ್ತಿತ್ತು. ನಾನು ಪಕ್ಕದಲ್ಲಿ ಕುಳಿತು "ಎಂಟು, ಎಂಟು" ಎಂದು ಹೇಳಿಕೊಡುತ್ತಿದ್ದೆ. ಅರ್ಧ ದಿನ ಸಹಿಸಿಕೊಂಡ ಮೇಲೆ ಅವಳು ತಿರುಗಿ ಹೇಳಿದಳು: "ಸರ್, ಬೇಜಾರು ಮಾಡಬೇಡಿ. ನೀವು ಸ್ವಲ್ಪ ಆಚೆ ಕೂತ್ಕೊಳ್ಳಿ. ನಿಮ್ಮ ದನಿ ಕೇಳಿದ್ರೆ ಬೆರಳು ಹತ್ತಕ್ಕೆ ಹೋಗ್ತದೆ." ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ಕುಳಿತೆ. ಗುರುವಿನ ಅತಿ ದೊಡ್ಡ ಸೇವೆ ದೂರ ಇರುವುದು ಎಂದು ನನಗೆ ಗೊತ್ತಾದದ್ದು ಐವತ್ತಾರನೆಯ ವಯಸ್ಸಿನಲ್ಲಿ.

ಬಸ್ಸಿನಲ್ಲೂ ಅವಳು ಬಿಡಲಿಲ್ಲ. ಎರ್ಮಾಳಿನಿಂದ ಉಡುಪಿಯವರೆಗೆ ಎದುರಿನ ಸೀಟಿನ ಸರಳಿನ ಮೇಲೆ ಬೆರಳಾಡಿಸುತ್ತಲೇ ಬರುತ್ತಿದ್ದಳಂತೆ. ಕಾಪುವಿನಲ್ಲಿ ಹತ್ತಿದ ಒಬ್ಬರು ಅಜ್ಜಿ ಅದನ್ನು ನೋಡಿ ನೋಡಿ, "ಹಾರ್ಮೋನಿಯಂ ಕಲೀತಿದ್ದೀಯಾ ಮಗಾ?" ಎಂದು ಕೇಳಿದರಂತೆ. ಹೌದಜ್ಜಿ ಎಂದಳಂತೆ. "ಒಂದೇ ಸ್ವರವನ್ನು ಒತ್ತುತ್ತಾ ಇದ್ದೀಯಲ್ಲ, ನಿನ್ನ ಮಾಸ್ಟ್ರು ಸರಿ ಇಲ್ಲ" ಎಂದರಂತೆ ಅಜ್ಜಿ. ಮಂಗಳವಾರ ಅವಳು ಇದನ್ನು ಎಲ್ಲರ ಮುಂದೆ ಹೇಳಿ ನಕ್ಕಳು. ಅವಳು ನಗುವುದನ್ನು ಕಂಡು ನನಗೆ ಎಷ್ಟೋ ಸಮಾಧಾನವಾಯಿತು, ಹಾಗಾಗಿ ಅಜ್ಜಿಯ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಅವಳು ಗಾಜಿನ ಕೋಣೆಯೊಳಗೆ ಹೋದಳು. ನಮ್ಮ ಮ್ಯಾನೇಜರ್ ಪ್ರಮೀಳಾ ಮೇಡಂ ಬಾಗಿಲು ಹಾಕಿ ಪಕ್ಕದಲ್ಲಿ ಕುಳಿತರು. ಪರದೆಯ ಆ ತುದಿಯಲ್ಲಿ ಕಂಪೆನಿಯ ಮೇಡಂ. ನಾನು ಹೊರಗೆ ಫೈಲು ಹುಡುಕುವ ನೆವದಲ್ಲಿ ಅದೇ ಕಪಾಟನ್ನು ಒಂದು ಗಂಟೆ ಹುಡುಕಿದೆ. ಗಾಜಿನೊಳಗಿನ ಸದ್ದು ಕೇಳುವುದಿಲ್ಲ, ಅವಳ ಹೆಗಲು ಮಾತ್ರ ಕಾಣುತ್ತದೆ. ಮೊದಲಿಗೆ ಹೆಗಲು ನೆಟ್ಟಗಿತ್ತು. ಸ್ವಲ್ಪ ಹೊತ್ತಿನಲ್ಲಿ ಅದು ಒಮ್ಮೆ ಮೇಲೆ ಹೋಗಿ ಕೆಳಗೆ ಬಿತ್ತು. ಬಾಯಿ ನೋಡಿದೆ. 'ಛೆ' ಎಂದು ಸ್ಪಷ್ಟವಾಗಿ ಗೊತ್ತಾಯಿತು. ಒಂದು ಪುಟ ಹೋಯಿತು! ದೇವರೇ, ನನ್ನ ಹಟಕ್ಕೆ, ನನ್ನ ಸೋಮಾರಿತನಕ್ಕೆ ಆ ಮನುಷ್ಯ ಪುನಃ ಬೋಟು ಹತ್ತುವ ಹಾಗಾಗಬಾರದು ಎಂದು ಬೇಡಿಕೊಂಡೆ. ಆಮೇಲೆ ಹೆಗಲು ಅಲ್ಲಾಡಲಿಲ್ಲ. ಗಂಟೆ ಮುಗಿಯಲು ಒಂದೇ ನಿಮಿಷ ಇರುವಾಗ ಅವಳು ಎರಡೂ ಕೈಗಳನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

ಫಲಿತಾಂಶ ಬಂದದ್ದು ಮುಂದಿನ ಸೋಮವಾರ ಚಹಾದ ಹೊತ್ತಿಗೆ. ಪ್ರಮೀಳಾ ಮೇಡಂ ಕಾಗದ ಹಿಡಿದುಕೊಂಡು ನಮ್ಮ ಮೇಜಿನ ಹತ್ತಿರವೇ ಬಂದರು. ನಲವತ್ತು ಪುಟವೂ ಸರಿ, ಶಾಲಿನಿ ಕಾಯಂ. ಅವಳು ಗಂಡನಿಗೆ ಫೋನು ಹಚ್ಚಿದಳು, ಬೋಟು ಇನ್ನೂ ದಡ ಮುಟ್ಟಿರಲಿಲ್ಲ, ಸಿಗಲಿಲ್ಲ. ಹಾಗಾಗಿ ಹೇಳಲು ಬೇರೆ ಯಾರೂ ಇಲ್ಲದೆ ನನ್ನ ಕಡೆಗೆ ತಿರುಗಿ, "ಇಳಿಸ್ತೇನೆ ಸರ್ ಅವರನ್ನು" ಎಂದು ಹೇಳಿ ಅತ್ತಳು. ನನ್ನ ಕಣ್ಣೂ ತುಂಬಿತು, ಸುಳ್ಳು ಯಾಕೆ ಹೇಳಲಿ. ಉಳಿದವರು ಚಪ್ಪಾಳೆ ತಟ್ಟಿದರು. ಯಾರೋ, "ಶಿಷ್ಯೆ ಯಾರದ್ದು!" ಎಂದರು. ನಾನು ಬೇಡ ಬೇಡ ಎನ್ನುತ್ತಲೇ ಕುರ್ಚಿಯಲ್ಲಿ ಒಂದಿಷ್ಟು ಉಬ್ಬಿ ಕುಳಿತೆ.

"ಕೊನೆಯಲ್ಲಿ ಒಂದು ಮಾತು ಬರೆದಿದ್ದಾರೆ" ಎಂದು ಮೇಡಂ ಕನ್ನಡಕ ಸರಿಮಾಡಿಕೊಂಡು ಓದಿದರು. "ಕೆಲಸ ಅತ್ಯುತ್ತಮ. ಆದರೆ ಪ್ರತಿ ಸಲ ಮುಂದಿನ ಪುಟಕ್ಕೆ ಹೋಗುವ ಮೊದಲು, ಏನೋ ಅಪಾಯವಿದ್ದಂತೆ, ಅರೆಕ್ಷಣ ತಡೆಯುತ್ತಾರೆ. ಈ ಅಭ್ಯಾಸದ ಮೂಲ ತಿಳಿಯಲಿಲ್ಲ." ಓದಿ ಮುಗಿಸಿ, "ಎಂತ ಶಾಲಿನಿ ಇದು?" ಎಂದು ಕೇಳಿದರು. ಶಾಲಿನಿ ಕಣ್ಣೊರೆಸಿಕೊಂಡು, "ಗೊತ್ತಿಲ್ಲ ಮೇಡಂ" ಎಂದಳು. ಮೂಲ ಅವಳ ಪಕ್ಕದ ಕುರ್ಚಿಯಲ್ಲೇ ತಲೆ ತಗ್ಗಿಸಿ ಚಹಾ ಕುಡಿಯುತ್ತಿತ್ತು.